ರಕ್ತ ಬಾಗಲಕೋಟೆಗೆ, ರಿಪೋರ್ಟು ನನ್ನ ಫೋನಿಗೆ

ನನಗೆ ಥೈರಾಯ್ಡ್ ಇದೆ, ರಕ್ತಹೀನತೆಯಿದೆ, ವಿಟಮಿನ್ ಡಿ ಪಾತಾಳ ಸೇರಿದೆ. ಪ್ರಾಸ್ಟೇಟ್ ಮಾತ್ರ ನಾರ್ಮಲ್!

ಗಾಬರಿಯಾಗಬೇಡಿ. ಇವೆಲ್ಲ ನನ್ನ ಫೋನಿಗೆ ಬಂದ ರಿಪೋರ್ಟುಗಳು. ನನ್ನವಲ್ಲ. (ಕೊನೆಯದು ಯಾರದೆಂದು ದಯವಿಟ್ಟು ಕೇಳಬೇಡಿ.)

ನಮ್ಮ ಇಳಕಲ್ಲಿನ ದವಾಖಾನೆಯಲ್ಲಿ ಈಗ ರಕ್ತ ತೆಗೆಯುತ್ತಾರೆ, ಪರೀಕ್ಷೆ ಮಾಡುವುದಿಲ್ಲ. ಟ್ಯೂಬಿಗೆ ಬಾರ್‌ಕೋಡ್ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ವ್ಯಾನ್ ಹತ್ತಿಸುತ್ತಾರೆ. ದಾರಿಯಲ್ಲಿ ಹುನಗುಂದದ ರಕ್ತವೂ ಹತ್ತಿಕೊಳ್ಳುತ್ತದೆ. ಬಾದಾಮಿಯದು ಆ ಕಡೆಯಿಂದ ಬರುತ್ತದೆ. ಬಾಗಲಕೋಟೆಯ ದೊಡ್ಡ ಲ್ಯಾಬಿನಲ್ಲಿ ಒಂದು ಯಂತ್ರ ಎಲ್ಲವನ್ನೂ ನುಂಗಿ, ಸಂಜೆಯೊಳಗೆ ಟಿಂಗ್ ಎಂದು ಉತ್ತರ ಕಳಿಸುತ್ತದೆ.

ಇಂಗ್ಲಿಷಿನಲ್ಲಿ! ಅಲ್ಲೇ ನಾನು ಸಿಕ್ಕಿಬಿದ್ದೆ. ನಮ್ಮ ಓಣಿಯಲ್ಲಿ ಕಾನ್ವೆಂಟಿಗೆ ಹೋದವಳು ನಾನೊಬ್ಬಳೇ. ಕೌಂಟರಿನವರು ಫೋನ್ ನಂಬರ್ ಕೇಳಿದೊಡನೆ ಎಲ್ಲರೂ ನನ್ನದನ್ನೇ ಹೇಳಿ ಬರುತ್ತಾರೆ.

ಕಳೆದ ವಾರ ಪಕ್ಕದ ಮನೆಯ ಸುಮಾ ಹಿತ್ತಲ ಗೋಡೆಗೆ ಆತುಕೊಂಡು ಪಿಸುಗುಟ್ಟಿದಳು. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇರೆ.)

"ವೈನಿ, ರಕ್ತಾ ಕೊಟ್ಟ ಬಂದೇನ್ರಿ. ನಿಮ್ಮ ನಂಬರ್ ಹೇಳೇನಿ. ನಮ್ಮ ಅತ್ತಿಯಾರಿಗೆ ಮಾತ್ರ ಗೊತ್ತಾಗೋದ ಬ್ಯಾಡ."

ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸಿರಿನ ಆಸೆ ಚಿಗುರಿತ್ತು. ಹೋದ ಸಲ ಬರೀ ಅನುಮಾನಕ್ಕೇ ಅವಳ ಅತ್ತೆ ನೀಲವ್ವ ಓಣಿಯವರ ಬಾಯಿಗೆಲ್ಲ ಸಕ್ಕರೆ ಹಾಕಿ ಬಂದಿದ್ದರು. ಆಮೇಲೆ ಏನೂ ಇಲ್ಲವೆಂದಾಯಿತು. ಸುಮಾ ಎಷ್ಟೋ ದಿನ ನಲ್ಲಿಯ ಹತ್ತಿರವೂ ಮುಖ ತೋರಿಸಲಿಲ್ಲ. ಈ ಸಲ ಮೊದಲು ತನಗೇ ತಿಳಿಯಬೇಕು ಅಂತ ಅವಳ ಹಟ. ತಪ್ಪೇನಿದೆ?

ಒಪ್ಪಂದವಾಯಿತು. ಇಲ್ಲವೆಂದಾದರೆ ನಾನು ಗೋಡೆಯಾಚೆಗೆ ಚಾಪುಡಿ ಕೇಳಬೇಕು. ಹೌದಾದರೆ ಸಕ್ಕರೆ.

ಸಂಜೆ ನನ್ನ ಪಡಸಾಲೆಯಲ್ಲಿ ಬಂದು ಕೂತವರು ಯಾರು? ನೀಲವ್ವ! ಅವರೂ ಮುಂಜಾನೆ ಶುಗರಿಗೆ ರಕ್ತ ಕೊಟ್ಟಿದ್ದರಂತೆ. ಅತ್ತೆ ಸೊಸೆಯ ರಕ್ತ ಒಬ್ಬರಿಗೊಬ್ಬರು ಹೇಳದೆ, ಒಂದೇ ವ್ಯಾನಿನಲ್ಲಿ ಬಾಗಲಕೋಟೆಗೆ ಹೋಗಿತ್ತು!

"ಮೊದಲ ಲ್ಯಾಬಿನಾಂವನ ಮಾರಿ ನೋಡಿದ್ರ ಗೊತ್ತಾಗ್ತಿತ್ತವಾ. ಮಿಶನ್ನಿಗೆ ಮಾರಿನ ಇಲ್ಲ. ಇನ್ನ ನಿನ್ನ ಮಾರೀನ ನೋಡಬೇಕು" ಎಂದು ನನ್ನ ಮುಖವನ್ನೇ ನೋಡುತ್ತ ಕೂತರು.

ಟಿಂಗ್. ನೀಲವ್ವನ ಶುಗರ್ ಜಾಸ್ತಿ.

ಟಿಂಗ್. ಸುಮಾ, ಪಾಸಿಟಿವ್.

"ಯಾಕ ನಗಾಕತ್ತಿ? ನಂದೇನ್ ಬಂತು?"

"ಶುಗರ್ ಭಾಳ ಏರೇತ್ರಿ."

"ಅದಕ್ಕ ಹಲ್ಲ ಕಿಸೀತಿಯೇನ, ಸಾಲಿ ಕಲ್ತಾಕಿ!"

ಬಾಯಿ ಮುಚ್ಚಬಹುದು, ಕಣ್ಣು ನಗುವುದನ್ನು ಹೇಗೆ ಮುಚ್ಚುವುದು? ಹಿತ್ತಲಿಗೆ ಓಡಿದೆ. "ಸುಮಾ, ಒಂದೀಟ ಸಕ್ಕರಿ ಇದ್ರ ಕೊಡವಾ!"

ಬಟ್ಟಲು ಬರಬಹುದೆಂದುಕೊಂಡಿದ್ದೆ. ಡಬ್ಬಿಯೇ ಬಂತು. ಡಬ್ಬಿಗೆ ಮುಚ್ಚಳವಿಲ್ಲ, ಕಾಲಿಗೆ ಚಪ್ಪಲಿಯಿಲ್ಲ, ಕೆನ್ನೆಯೆಲ್ಲ ಒದ್ದೆ. ಪಡಸಾಲೆಯಲ್ಲಿ ಅತ್ತೆಯನ್ನು ಕಂಡು ಸುಮಾ ಅಲ್ಲೇ ನಿಂತುಬಿಟ್ಟಳು. ನೀಲವ್ವ ಡಬ್ಬಿ ನೋಡಿದರು, ಸೊಸೆಯ ಮುಖ ನೋಡಿದರು, ನನ್ನ ಫೋನ್ ನೋಡಿದರು.

"ಖರೇನ?"

"ಖರೇರಿ ಅತ್ತಿ. ಈ ಸಲ ಮಿಶನ್ನ ಹೇಳೇತಿ."

ನೀಲವ್ವ ಮಗುವಿನಂತೆ ಬಾಯಿ ತೆರೆದರು. ಸುಮಾ ಚಿಟಿಕೆ ಸಕ್ಕರೆ ಹಾಕಿದಳು. ಆ ಬಾಯಿ ಮುಚ್ಚಲೇ ಇಲ್ಲ.

"ಇನ್ನೊಂದೀಟ ಹಾಕ."

"ನೀಲವ್ವಾರ, ಶುಗರ್ರೀ!" ಎಂದು ಕೂಗಿದೆ.

"ಅದು ಮುಂಜಾನಿ ರಕ್ತ ಬಿಡವಾ. ಈ ಸುದ್ದಿ ಅದಕ್ಕೆಲ್ಲಿ ಗೊತ್ತಿತ್ತು?"

ಡಾಕ್ಟರು ಅವರಿಗೆ ಮತ್ತೆ ರಕ್ತ ಕೊಡಲು ಹೇಳಿದ್ದಾರೆ. ನಂಬರ್ ನನ್ನದೇ. ಇಷ್ಟೊಂದು ಸಕ್ಕರೆ ಏರಿದ್ದೇಕೆ ಎಂದು ಬಾಗಲಕೋಟೆಯ ಯಂತ್ರ ಕೇಳಿದರೆ, ನಾನು ಇಂಗ್ಲಿಷಿನಲ್ಲಿ ಏನೆಂದು ಹೇಳಲಿ?