ಸುಣ್ಣಕಟ್ಟಿದ ಕಲ್ಲುಗಳು

ಮರಳವಾಡಿಯ ನಮ್ಮ ಮನೆಯಲ್ಲಿ ಆಗ ಮನುಷ್ಯರಿಗಿಂತ ರೇಷ್ಮೆಹುಳಕ್ಕೇ ಹೆಚ್ಚು ಜಾಗ. ಊರಿಗೆ ಊರೇ ಹಿಪ್ಪುನೇರಳೆ ಹಾಕಿತ್ತು. ಅಂಥ ಮನೆಯ ಮಗಳು ನಾನು ಭೂವಿಜ್ಞಾನ ಓದಲು ಹೋದೆ. ಕಲ್ಲು ಓದೋಕೂ ಕಾಲೇಜು ಬೇಕಾ ಎಂದು ಎಲ್ಲರೂ ಗೇಲಿ ಮಾಡಿದ್ದರು. ನಮ್ಮ ಕಡೆಯದೆಲ್ಲ ಗ್ರಾನೈಟ್ ಬೆಟ್ಟ, ಸಾವನದುರ್ಗವನ್ನು ಪೂರ್ತಿ ಒಡೆದರೂ ಒಂದು ಪಳೆಯುಳಿಕೆ ಸಿಗದು. ಹಾಗಾಗಿ ತಮಿಳುನಾಡಿನ ಮರಳುಗಲ್ಲಿನ ಗಣಿಯೊಂದರಲ್ಲಿ ಎರಡು ಬೇಸಿಗೆ ಒಣಗಿ, ಒಂದು ಚೀಲ ಕಲ್ಲು ಹೊತ್ತು ತಂದೆ.

ಕೆಲವು ಕಲ್ಲುಗಳಲ್ಲಿ ಬೆರಳುದ್ದದ ಬೆಳ್ಳನೆಯ ಕೊಳವೆಗಳಿದ್ದವು, ಎಂದೋ ಅಲ್ಲಿದ್ದ ಸಮುದ್ರದ ಹುಳಗಳು ಕಟ್ಟಿಕೊಂಡಿದ್ದ ಗೂಡುಗಳು. ಗಣಿಯ ಎರಡು ಪದರಗಳಲ್ಲಿ ಅವು ಕೆಳಗಿನದರಲ್ಲಿ ಮಾತ್ರ ಇವೆಯೆಂದು ತೋರಿಸಿದರೆ ಅದನ್ನು ಬೇರೆ ಶಿಲಾಸ್ತರವೆಂದು ಗುರುತಿಸಬಹುದು, ಹೆಸರು ನೀನೇ ಇಡು ಎಂದಿದ್ದರು ನಮ್ಮ ಮೇಷ್ಟ್ರು. ಎರಡೂ ಪದರದ ಕಲ್ಲು ನೋಡಲು ಒಂದೇ. ಯಾವುದು ಎಲ್ಲಿಯದೆಂದು ಹೇಳುತ್ತಿದ್ದುದು ನಾನು ಶಾಯಿಯಲ್ಲಿ ಬರೆದ ಸಂಖ್ಯೆ ಮಾತ್ರ.

ಊರಿಗೆ ಬಂದ ದಿನ ಹುಳಗಳು ಪೊರೆ ಕಳಚಲು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪಕ್ಕದ ಮನೆಗೆ ಸುಣ್ಣಕಟ್ಟು ರೋಗ ಬಿದ್ದು, ಹುಳಗಳೆಲ್ಲ ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದು ಸತ್ತಿದ್ದವು. ಅವ್ವ ಬಾಗಿಲಲ್ಲೇ ನನ್ನ ಕೈಕಾಲು ತೊಳೆಸಿದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚೀಲ ಬಿಚ್ಚಿ, ಕಲ್ಲುಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು.

"ಏನವ್ವಾ ಮಾಡ್ಬುಟ್ಟೆ!" ಎಂದು ಕಿರುಚಿದೆ.

"ಸುಣ್ಣಕಟ್ಟಿರೋ ಹುಳವ ಮನೆ ಒಳೀಕೆ ತಂದಿದ್ದೀಯಲ್ಲೇ, ಬುದ್ಧಿ ಐತಾ ನಿಂಗೆ?" ಅವಳು ನನಗಿಂತ ಜೋರಾಗಿ ಕಿರುಚಿದಳು.

ಒಂದೂ ಸಂಖ್ಯೆ ಉಳಿದಿರಲಿಲ್ಲ. ಹುಳದ ತಟ್ಟೆಗಳನ್ನೆಲ್ಲ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು. ಅಳುತ್ತಲೇ ಸಂಖ್ಯೆಯ ವಿಷಯ, ಹೆಸರಿಡುವ ವಿಷಯ ಎಲ್ಲ ಹೇಳಿದೆ. ಅವ್ವನ ಮುಖ ಬಿಳಿಚಿಕೊಂಡಿತು. ಒಂದೊಂದೇ ಕಲ್ಲನ್ನು ಸೆರಗಿನಲ್ಲಿ ಒರೆಸಿ ಜಗಲಿಯ ಮೇಲೆ ಸಾಲಾಗಿ ಇಟ್ಟಳು.

"ಯಾವ್ದು ಎಲ್ಲೀದು ಅಂತ ನೋಡುದ್ರೆ ಗೊತ್ತಾಯ್ತದಾ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಾಯ್ತದೆ ಬುಡವ್ವ" ಎಂದು ಸುಳ್ಳು ಹೇಳಿದೆ. ಅವಳು ಕಣ್ಣೊರೆಸಿಕೊಂಡು ಹುಳದ ಕೋಣೆಗೆ ಹೋದಳು.

ಅಂದಾಜಿನ ಮೇಲೆ ಸಂಖ್ಯೆ ಬರೆದೂಬಿಟ್ಟೆ. ಮುಂದಿನ ವಾರ ಮೇಷ್ಟ್ರು ಒಂದು ಕಲ್ಲನ್ನು ಬೆಳಕಿಗೆ ಹಿಡಿದು, "ಇದು ಕೆಳಗಿನ ಪದರದ್ದೇ, ಖಾತ್ರಿ ತಾನೆ?" ಎಂದರು. ಹೌದು ಎಂದರೆ ಸಾಕಿತ್ತು.

"ಗೊತ್ತಿಲ್ಲ ಸರ್."

ಮತ್ತೆ ಆರಿಸಿ ತರೋಣವೆಂದರೆ ಗಣಿಯಲ್ಲಿ ಆಗಲೇ ನೀರು ತುಂಬಿತ್ತು. ಪದರ ಹೆಸರಿಲ್ಲದೆ ಉಳಿಯಿತು.

ಅವ್ವ ಮಾತ್ರ ಸಾಯುವವರೆಗೂ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಿದವರಿಗೆಲ್ಲ, "ನಮ್ ಮಗಳು ಕಲ್ಲಿಗೆ ಹೆಸ್ರು ಮಡಗವಳೆ" ಅನ್ನುತ್ತಿದ್ದಳು. ಪಕ್ಕದಲ್ಲೇ ನಿಂತಿರುತ್ತಿದ್ದ ನಾನು ಒಮ್ಮೆಯೂ ಅಲ್ಲವೆನ್ನಲಿಲ್ಲ.