ಸೋಮಿ ಕಲಿಸದೆ ಬಿಟ್ಟ ಸಾಲು

ಹಿರೇಗುತ್ತಿಯ ಸೋಮಿಗೆ ಯಾರೂ ಕ್ಷಮೆಯ ಉಪದೇಶ ಮಾಡಲು ಹೋಗುತ್ತಿರಲಿಲ್ಲ. ಹೋದವರು ಬೈಸಿಕೊಂಡು ಬಂದಿದ್ದರು. ಅವಳ ಸಿಟ್ಟಿಗೆ ಕಾರಣವೂ ಇತ್ತೆನ್ನಿ.

ತೊಂಬತ್ತೆಂಟರಲ್ಲಿ ಅವಳ ಗಂಡ ಬೀರಪ್ಪ ಹೊಳೆಯಂಚಿನ ಉಪ್ಪುಕೆಸರಲ್ಲಿ ಹತ್ತು ವರ್ಷ ಸಾಕಿದ ಕಾಂಡ್ಲಾ ಗಿಡಗಳನ್ನು ತೋಟದ ಮನೆಯ ಕಮಲಾಕರ ಎರಡೇ ದಿನದಲ್ಲಿ ಕಡಿಸಿ ಹಾಕಿದ. ಅಘನಾಶಿನಿಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ಮಣ್ಣಿನ ಕಟ್ಟೆಯನ್ನು ಹಿಡಿದು ನಿಲ್ಲಿಸಿದ್ದೇ ಆ ಗಿಡಗಳ ಬೇರು. ಕಮಲಾಕರನಿಗೆ ಅಲ್ಲಿ ಸಿಗಡಿ ಕೆರೆ ಬೇಕಿತ್ತು. ಅಡ್ಡ ನಿಂತ ಬೀರಪ್ಪನನ್ನು ನೋಡಿ, “ಕೆಸರಲ್ಲಿ ಹುಟ್ಟೋ ಕಳೆಗೆ ಎಂತಕ್ಕೆ ಇಷ್ಟು ಅಳ್ತೀ ಮಾರಾಯಾ?” ಎಂದು ನಕ್ಕ. ಈ ಮಾತನ್ನು ಬೀರಪ್ಪ ಮನೆಗೆ ಬಂದು ಹೇಳಿದ್ದು ಒಂದೇ ಸಲ. ಸೋಮಿ ಅದನ್ನು ದಿನಾ ನೆನೆದಳು.

ಸಿಗಡಿಗೆ ರೋಗ ಬಂದು ಕೆರೆ ಎರಡು ವರ್ಷಕ್ಕೇ ಹಾಳುಬಿತ್ತು. ಕಮಲಾಕರ ಕೈ ತೊಳೆದುಕೊಂಡು ಕುಮಟೆಗೆ ಹೋದ. ಬೀರಪ್ಪ ಮಾತ್ರ ಪ್ರತಿ ಮಳೆಗಾಲ ಸಡಿಲಾದ ಕಟ್ಟೆಗೆ ಒಬ್ಬನೇ ಮಣ್ಣು ಹೊತ್ತ. ಮೂರನೆಯ ಮಳೆಗಾಲದಲ್ಲಿ ಬುಟ್ಟಿ ತಲೆಯ ಮೇಲಿರುವಾಗಲೇ ಕುಸಿದುಬಿದ್ದವನು ಮತ್ತೆ ಏಳಲಿಲ್ಲ.

ಇತ್ತ ಕುಮಟೆಯಲ್ಲಿ ಕಮಲಾಕರನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಓಡು ಎಂದರು, ಓಡಿದ. ಜತೆಗೆ ಹತ್ತು ಜನ ಸೇರಿ ಬಳಗವಾಯಿತು, ಬಳಗಕ್ಕೆ ಅವನೇ ಮುಖಂಡನಾದ. ಓಡುತ್ತ ಓಡುತ್ತ ಪರಿಸರಪ್ರೇಮಿಯೂ ಆಗಿಬಿಟ್ಟ! ಎರಡು ಸಾವಿರದ ಮೂರರ ಆಗಸ್ಟಿನ ಒಂದು ಭಾನುವಾರ ಅವರೆಲ್ಲ ಟೆಂಪೋದಲ್ಲಿ ಹಿರೇಗುತ್ತಿ ಕ್ರಾಸಿಗೆ ಬಂದಿಳಿದು, ಅಲ್ಲಿಂದ ಹೊಳೆಯ ದಂಡೆಯವರೆಗೆ ಓಡಿಬಂದರು. ಊರವರ ಜತೆ ಸೇರಿ ಕಾಂಡ್ಲಾ ನೆಡುವ ಕೆಲಸ. ಕೆಸರಿನ ಗುಣ ಬಲ್ಲವಳೆಂದು ಊರವರು ಸೋಮಿಯನ್ನು ಮುಂದೆ ಮಾಡಿದ್ದರು.

ಬಿಳಿ ಬೂಟು ಬಿಚ್ಚುತ್ತಿದ್ದ ಕಮಲಾಕರನನ್ನು ಅವಳು ನೋಡಿದ ಕೂಡಲೇ ಗುರುತಿಸಿದಳು. ಅವನಿಗೆ ಇವಳ ಗುರುತಿರಲಿಲ್ಲ.

ಕಾಂಡ್ಲಾ ಬೀಜವೆಂದರೆ ನುಗ್ಗೆಕಾಯಿಯಂತೆ ಉದ್ದನೆಯ ಕೋಲು. ಚೂಪಾದ ತುದಿ ಬೇರು ಬಿಡುವ ಬದಿ, ಅದು ಕೆಸರಿಗೆ ಇಳಿಯಬೇಕು. ಸೋಮಿ ಒಬ್ಬೊಬ್ಬರಿಗೂ ತೋರಿಸಿಕೊಟ್ಟಳು. ಓಟದ ಬಳಗದ ಟೀಚರ್ ರೇಖಾ ಎರಡೆರಡು ಸಲ ಕೇಳಿ ಕಲಿತಳು. ಕಮಲಾಕರ ಮಾತ್ರ ಕೈಬೀಸಿ, “ತೋಟದ ಮನೆಯಲ್ಲಿ ಹುಟ್ಟಿದವ ನಾನು. ನಂಗೆ ಸಸಿ ನೆಡೂಕೆ ಕಲಿಸ್ತೀಯಾ?” ಎಂದು ಬೀರಪ್ಪ ಮಣ್ಣು ಹೊತ್ತಿದ್ದ ಕಟ್ಟೆಯ ಬುಡದ ತುದಿಯ ಸಾಲಿಗೆ ಒಬ್ಬನೇ ನಡೆದ. ತೆಂಗಿನಕಾಯಿಯಿಂದ ಚೂಪಾದ ಮೊಳಕೆ ಮೇಲಕ್ಕೆ ಬರುವುದನ್ನು ಕಂಡವನು. ಇಲ್ಲಿಯೂ ಚೂಪನ್ನು ಆಕಾಶಕ್ಕೆ ಮಾಡಿ ನೆಟ್ಟ.

ಸೋಮಿ ನೋಡಿದಳು. ಬಾಯಿ ತೆರೆದವಳು ಮುಚ್ಚಿಕೊಂಡಳು. ನೆಡು, ಮೊಣಕಾಲೂರಿ ನೆಡು, ಒಂದೂ ಚಿಗುರದಿರಲಿ ಎಂದುಕೊಂಡಾಗ ಅವಳ ಹೊಟ್ಟೆ ತಣ್ಣಗಾಯಿತು.

ನಾಲ್ಕು ಮಳೆಗಾಲ ಹೀಗೇ ನಡೆಯಿತು. ಉಳಿದವರ ಗಿಡ ಎದೆಮಟ್ಟ ಬೆಳೆದವು, ಅವನ ಸಾಲು ಪ್ರತಿ ವರ್ಷ ಕೊಳೆತು ತೇಲಿಹೋಯಿತು. “ಎಂತಾ ಸೋಮಿ, ನನ್ನದು ಮಾತ್ರ ಹಿಡಿಯೂದಿಲ್ಲ?” ಎಂದರೆ, “ಅಲ್ಲಿ ನೀರಿನ ಸೆಳೆತ ಜಾಸ್ತಿ ಒಡೇರೆ,” ಎನ್ನುವಳು. ಕೆಸರು ಬಲ್ಲವಳ ಮಾತೆಂದು ಯಾರೂ ಎದುರಾಡಲಿಲ್ಲ, ಆ ತುದಿಗೆ ಹೋಗಿ ನೋಡಲೂ ಇಲ್ಲ. ಅವನ ಪೆಚ್ಚುಮುಖ ನೋಡಲೆಂದೇ ಅವಳು ಭಾನುವಾರಕ್ಕೆ ಕಾಯುತ್ತಿದ್ದಳು. ಆ ಮುಖವೊಂದೇ ಅವಳಿಗೆ ಕಂಡದ್ದು. ಅವನ ಬೆನ್ನ ಹಿಂದೆ ಬೀರಪ್ಪನ ಕಟ್ಟೆ ಬೋಳಾಗಿಯೇ ಉಳಿದದ್ದು ಕಾಣಲಿಲ್ಲ.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ಸಮುದ್ರ ಉಬ್ಬಿ ಹೊಳೆಗೆ ದೊಡ್ಡ ಭರತ ಬಂದಾಗ ಕಟ್ಟೆ ಸರಿಯಾಗಿ ಅಲ್ಲೇ ಒಡೆಯಿತು. ಸೋಮಿಯ ಗದ್ದೆಯೂ ಪಕ್ಕದಲ್ಲಿದ್ದ ನಾದಿನಿ ಬಂಗಾರಿಯ ಗದ್ದೆಯೂ ಹೊಳೆಯಾದವು. ಅವರು ಬಿತ್ತಿದ್ದು ಕಗ್ಗ, ಉಪ್ಪು ತಡೆಯುವ ಭತ್ತವೇ. ಆದರೆ ನೀರಿನ ರಭಸಕ್ಕೆ ಬುಡಸಮೇತ ಕಿತ್ತುಹೋದರೆ ಯಾವ ಭತ್ತ ನಿಂತೀತು?

ಆ ಭಾನುವಾರ ಓಟದವರು ಕಟ್ಟೆಗೆ ಮಣ್ಣು ಹೊರಲು ಬಂದರು. ಬಂಗಾರಿ ಒಡೆದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದಳು. ಕಮಲಾಕರ ಅವಳ ಹತ್ತಿರ ಬಂದು, “ಸೆಳೆತ ಜಾಸ್ತಿ ಇರೂ ಜಾಗ ಅಲ್ವಾ, ಎಂತ ಮಾಡೂಕಾಗ್ತದೆ,” ಎಂದ.

ಸೋಮಿಗೆ ತಡೆಯಲಾಗಲಿಲ್ಲ. ಹಿಂದಿನ ವಾರ ಅವನು ನೆಟ್ಟಿದ್ದರಲ್ಲಿ ಉಳಿದಿದ್ದ ಒಂದು ಕೋಲನ್ನು ಕಿತ್ತು ಅವನ ಮುಖದ ಮುಂದೆ ಹಿಡಿದಳು.

“ಸೆಳೆತ ಅಲ್ಲ. ತಲೆಕೆಳಗಾಗಿ ನೆಟ್ಟದ್ದು ನೀ! ನಾಲ್ಕು ಮಳೆಗಾಲ ನಾ ಕಣ್ಣಾರೆ ಕಂಡೆ, ಹೇಳ್ಲಿಲ್ಲ. ಹತ್ತು ವರ್ಷ ಬೆಳೆಸಿದ್ದನ್ನ ಕಡಿಸಿ ಕಳೆ ಅಂದ್ಯಲ್ಲ, ಆ ಬೀರಪ್ಪನ ಹೆಂಡ್ತಿ ನಾನು.”

ಓಟದವರೆಲ್ಲ ಬುಟ್ಟಿ ಇಳಿಸಿ ನಿಂತರು. ಕಮಲಾಕರ ಹಣೆ ಗಂಟಿಕ್ಕಿದ. “ಯಾವ ಬೀರಪ್ಪ?” ಎಂದ.

ಅವನಿಗೆ ನೆನಪೇ ಇರಲಿಲ್ಲ. ಎಂಟು ವರ್ಷ ಇವಳು ಎದೆಯಲ್ಲಿ ಕೆಂಡ ಇಟ್ಟುಕೊಂಡಿದ್ದಳು, ಅವನಿಗೆ ಹೆಸರೂ ಗೊತ್ತಿರಲಿಲ್ಲ.

ಆಗ ಬಂಗಾರಿ ಎದ್ದು ನಿಂತಳು. ಅವಳು ಕಮಲಾಕರನ ಕಡೆ ತಿರುಗಿಯೂ ನೋಡಲಿಲ್ಲ.

“ಅತ್ತಿಗೇ, ನನ್ನ ಅಣ್ಣ ಬೆಳೆಸಿದ್ದನ್ನ ಇವ ಕಡಿಸಿದ, ಆತು. ಮತ್ತೆ ಬೆಳೀದೇ ಇರೋ ಹಂಗೆ ಮಾಡಿದ್ದು ನೀನು,” ಎಂದು ಕಟ್ಟೆ ಇಳಿದು ಹೋದಳು.

ಸೋಮಿ ಕೈಯಲ್ಲಿದ್ದ ಕೋಲನ್ನು ತಿರುಗಿಸಿ ಕೆಸರಿಗೆ ಊರಿದಳು. ಮಧ್ಯಾಹ್ನದವರೆಗೂ ಅವಳು ಮತ್ತು ಕಮಲಾಕರ ಆ ಸಾಲನ್ನು ಹೊಸದಾಗಿ ನೆಟ್ಟರು. ಅವನು ಒಂದೊಂದೇ ಕೋಲನ್ನು ಎತ್ತಿ ತೋರಿಸುತ್ತಿದ್ದ. ಅವಳು “ಚೂಪು ಕೆಳಗೆ” ಎನ್ನುತ್ತಿದ್ದಳು. ಅವನ ಮೇಲಿನ ದ್ವೇಷ ಒಂದು ಹಿಡಿಯಷ್ಟೂ ಕಡಿಮೆಯಾಗಿರಲಿಲ್ಲ. ಬಂಗಾರಿ ಮಾತ್ರ ಆಮೇಲೆ ಸೋಮಿಯ ಮನೆಯ ಅಂಗಳ ತುಳಿಯಲಿಲ್ಲ.