ಗಾಯಗೊಂಡ ಹಕ್ಕಿಯ ಹಿಂದೆ ಹೋದವನು

ಸೌದಿಯ ರಾಸ್ ತನೂರಾದಲ್ಲಿ ನಾನು ಎ.ಸಿ. ರಿಪೇರಿ ಮಾಡಿಕೊಂಡಿದ್ದಾಗ ನಮ್ಮ ರೂಮಿನಲ್ಲಿ ಮೂವರಿದ್ದೆವು. ಉಡುಪಿ ಕಡೆಯ ನಾನು, ಭಟ್ಕಳದ ಒಬ್ಬ ಅಂಗಡಿಯವನು, ಉಳ್ಳಾಲದ ಒಬ್ಬ ಬ್ಯಾರಿ ಡ್ರೈವರ್. ಒಂದೇ ಪಾತ್ರೆಯಲ್ಲಿ ಉಣ್ಣುವವರು. ಚಳಿಗಾಲದ ಶುಕ್ರವಾರ ಬೆಳಿಗ್ಗೆ ಅಂಗಡಿಯವನು ತನ್ನ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಧಣಿಯ, ಏರ್‌ಗನ್ ಕೇಳಿ ತರುತ್ತಿದ್ದ, ನಾನು ಪಿಕಪ್ ಹೊರಡಿಸುತ್ತಿದ್ದೆ. ಮರುಭೂಮಿಗೆ ಬೇಲಿಯಿಲ್ಲ, ಗೇಟಿಲ್ಲ. ಯಾರಪ್ಪನ ಜಾಗವೂ ಅಲ್ಲ ಎಂದು ನನ್ನ ವಾದ. ನಮ್ಮಂಥವರು ಬಂದೂಕು ಮುಟ್ಟಿದರೆ ಗ್ರಹಚಾರ ಎಂದು ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿದ್ದೆವು, ಅಷ್ಟು ಕೊಬ್ಬು.

ಆ ಸಲ ಡ್ರೈವರ್ ಬರುವುದಿಲ್ಲ ಎಂದ. ಹಳೆಯ ಕಫೀಲ್ ಸತಾಯಿಸಿ ಅವನ ಇಕಾಮಾದ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿಯ, ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಹೊಸ ಕಫೀಲನ ಕಾಗದ ಮುಂದಿನ ವಾರ ಆಗುವುದರಲ್ಲಿತ್ತು. ಅಷ್ಟರೊಳಗೆ ಸಿಕ್ಕಿಬಿದ್ದರೆ ಬೆರಳಚ್ಚು ಒತ್ತಿಸಿ ಊರಿಗೆ ಅಟ್ಟುತ್ತಾರೆ, ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ. ಅವನನ್ನೇ ನಂಬಿ ಊರಲ್ಲಿ ಆರು ಜನ ಇದ್ದರು.

“ಒಂದು ವಾರ ರೂಮಲ್ಲೇ ಇರ್ತೇನೆ ಮಾರಾಯ,” ಎಂದ.

ನಾನು ಬಿಡಬೇಕಲ್ಲ! ಗುರಿಯಿಟ್ಟು ಹೊಡೆಯಲು ಬರುವುದು ಅವನೊಬ್ಬನಿಗೇ. ಪುಕ್ಕಲ ಎಂದು ಹಂಗಿಸಿದೆ. ಮರಳಲ್ಲಿ ಇಕಾಮಾ ಕೇಳಲು ಒಂಟೆ ಬರುತ್ತದಾ ಎಂದು ನಗಿಸಿದೆ. ಕೊನೆಗೆ ಅವನು ಹಕ್ಕಿ ಕೊಯ್ಯುವ ಚಾಕು ಹುಡುಕಿ ಜೇಬಿಗಿಟ್ಟುಕೊಂಡ.

ಒಂಟೆಗಳಿಗೆ ನೀರು ತುಂಬಿಸುವ ತೊಟ್ಟಿಯೊಂದರ ಹತ್ತಿರ, ಬಿಸಿಲೇರುವ ಹೊತ್ತಿಗೆ, ಗೌಜಲಿನಂಥ ಮರಳುಹಕ್ಕಿಗಳು ಇಳಿಯುತ್ತವೆ. ಅಲ್ಲಿ ದೊಡ್ಡ ಗಾಡಿಯ ಚಕ್ರದ ಗುರುತು ಹಸಿಯಾಗಿ ಬಿದ್ದಿತ್ತು. ಡ್ರೈವರ್ ಅದನ್ನು ನೋಡಿ, ವಾಪಸು ಹೋಗುವ ಎಂದ. ಒಂದೇ ಒಂದು ಹಕ್ಕಿ, ಆಮೇಲೆ ಹೋಗುವ ಎಂದೆ. ಗಾಳಿ ಪೂರ್ತಿ ನಿಂತಿತ್ತು. ನನಗೂ ಒಳಗೊಳಗೇ ಯಾಕೋ ಸರಿಕಾಣಲಿಲ್ಲ, ಆದರೂ ಬಂದೂಕನ್ನು ಅವನ ಕೈಗಿಟ್ಟೆ.

ಅವನು ಹೊಡೆದ. ರೆಕ್ಕೆ ಮುರಿದ ಹಕ್ಕಿ ಕುಪ್ಪಳಿಸುತ್ತಾ ದಿಬ್ಬದ ಆಚೆಗೆ ಹೋಯಿತು. ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಕೊಯ್ಯದಿದ್ದರೆ ಅವನು ತಿನ್ನುವವನಲ್ಲ. ಬಂದೂಕು ನನ್ನ ಕೈಗೆ ಕೊಟ್ಟು, ಚಾಕು ಹಿಡಿದು ಓಡಿದ.

ಆಗ ದೂರದಲ್ಲಿ ಧೂಳು ಎದ್ದಿತು. ಬಿಳಿ ಗಾಡಿ, ಮೇಲೆ ಲೈಟು. “ಪೊಲೀಸ್. ಯಲ್ಲಾ, ಗಾಡಿ ತೆಗಿ,” ಎಂದ ಅಂಗಡಿಯವನು. ದಿಬ್ಬ ಹತ್ತಿ ಕೂಗಿದ್ದರೆ ಡ್ರೈವರ್ ಅರ್ಧ ನಿಮಿಷದಲ್ಲಿ ಬಂದುಬಿಡುತ್ತಿದ್ದ. ನಾನು ಕೂಗಲಿಲ್ಲ. ಬಂದೂಕನ್ನು ಸೀಟಿನಡಿಗೆ ತುರುಕಿ ಪಿಕಪ್ ಓಡಿಸಿದೆ. ಬಂದೂಕು ದೂರ ಹೋದರೆ ಅವನಿಗೂ ಒಳ್ಳೆಯದೇ ಎಂದು ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಎಂಥ ನಾಲಗೆ ನಮ್ಮದು!

ಒಂದೂವರೆ ಗಂಟೆ ಬಿಟ್ಟು ಹಿಂದೆ ಬಂದಾಗ ದಿಬ್ಬದ ಆಚೆ ಪುಕ್ಕ, ಸ್ವಲ್ಪ ರಕ್ತ, ಬೂಟಿನ ಗುರುತುಗಳು. ಒಂಟೆ ಮೇಯಿಸುವ ಸುಡಾನಿ ಮುದುಕ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕರೆದುಕೊಂಡು ಹೋದರು ಎಂದು ಕೈಸನ್ನೆ ಮಾಡಿದ.

ಮೂರನೆಯ ದಿನ ಜೈಲಿನಿಂದ, ಯಾರದೋ ಫೋನಿನಲ್ಲಿ, ಡ್ರೈವರೇ ಮಾತಾಡಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಒಬ್ಬನೇ ನಡೆದು ಬಂದೆ ಅಂತ ಹೇಳಿದ್ದೇನೆ. ನಂಬಲಿಲ್ಲ, ಬಿಡು. ನೀವು ಈ ಕಡೆ ಬರ್ಬೇಡಿ, ಆಯ್ತಾ?”

ಆಯ್ತು ಎಂದೆ. ಅವನು ಬೇಡ ಅಂದದ್ದು ನನಗೆಷ್ಟು ಹಿತವಾಯಿತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ಅವನು.

ತಿಂಗಳ ಕೊನೆಗೆ ಅವನನ್ನು ಊರಿಗೆ ಅಟ್ಟಿದರು. ಅದಕ್ಕೆ ಮೊದಲು ಅವನ ಬಟ್ಟೆಬರೆಯನ್ನು ಯಾರಾದರೂ ಜೈಲಿಗೆ ಮುಟ್ಟಿಸಬೇಕಿತ್ತು. ಪಕ್ಕದ ರೂಮಿನ, ಅವನ ಮುಖವನ್ನೂ ಸರಿಯಾಗಿ ನೋಡಿರದ ಒಬ್ಬ ಮಲಯಾಳಿಯ ಕೈಯಲ್ಲಿ ಕಳುಹಿಸಿದೆವು.